ಬಾಕ್ಸ್ ಮೇಲಿನ 30 ಕೆಜಿ ನಂಬಿ ಸೈಕಲ್ ನೇತುಹಾಕಬೇಡಿ

ಗೋಡೆಗೆ ಹಾಕುವ ಸೈಕಲ್ ಸ್ಟ್ಯಾಂಡ್ ಕೊಳ್ಳಲು ನನ್ನ ಸೈಕಲ್ ರಿಪೇರಿ ಅಂಗಡಿಗೆ ಬಂದವರು ಮೊದಲು ಕೇಳುವುದು, ‘ಇದು ಎಷ್ಟು ಕೆಜಿ ತಡೆಯುತ್ತೆ?’ ನಾನು ತಿರುಗಿ ಕೇಳುತ್ತೇನೆ, ‘ನಿಮ್ಮ ಮನೆ ಗೋಡೆ ಯಾವುದು ಸಾರ್?’ ‘ಕ್ರೀಮ್ ಕಲರ್’ ಅಂದವರೂ ಇದ್ದಾರೆ.

ಬಣ್ಣ ಅಲ್ಲ, ಒಳಗೆ ಏನಿದೆ ಅಂತ. ಕೋಟಿ ಕೊಟ್ಟು ಫ್ಲಾಟ್ ಕೊಂಡವರಿಗೂ ಅದು ಗೊತ್ತಿರುವುದಿಲ್ಲ. ಬಾಕ್ಸ್ ಮೇಲೆ 30 ಕೆಜಿ ಅಂತ ಬರೆದಿದೆ, ನಮ್ಮ ಸೈಕಲ್ 15 ಕೆಜಿ, ಇನ್ನೇನು ಬೇಕು ಅನ್ನುವುದು ಅವರ ಲೆಕ್ಕ. ಆ 30 ಕೆಜಿ ಕಬ್ಬಿಣದ ಲೆಕ್ಕ. ಸ್ಟ್ಯಾಂಡ್ ಮುರಿದು ಸೈಕಲ್ ಬಿದ್ದದ್ದನ್ನು ನಾನು ನೋಡಿಯೇ ಇಲ್ಲ. ಸ್ಟ್ಯಾಂಡ್ ಸಮೇತ, ಸ್ಕ್ರೂ ಸಮೇತ, ಗೋಡೆಯ ಒಂದು ತುಂಡಿನ ಸಮೇತ ಬಿದ್ದದ್ದನ್ನು ನೋಡಿದ್ದೇನೆ.

ಬೆಂಗಳೂರಿನಲ್ಲಿ ಗೋಡೆ ಅಂದರೆ ಒಂದೇ ಜಾತಿ ಅಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ 9 ಇಂಚಿನ ಇಟ್ಟಿಗೆ ಗೋಡೆ ಸಿಗುತ್ತದೆ. ಅಲ್ಲಿ ಧೈರ್ಯವಾಗಿ ಕೊರೆಯಬಹುದು. ಆಮೇಲೆ ಸಾಲಿಡ್ ಬ್ಲಾಕ್ ಬಂತು, ಅದೂ ಪರವಾಗಿಲ್ಲ. ಹಾಲೋ ಬ್ಲಾಕ್‌ನಲ್ಲಿ ಸುಮಾರು ಒಂದು ಇಂಚಿನ ಸಿಮೆಂಟ್ ಪದರದ ಹಿಂದೆ ಬರೀ ಖಾಲಿ. ಈಗಿನ ಅಪಾರ್ಟ್‌ಮೆಂಟುಗಳ ಒಳಗೋಡೆಗಳೋ, ಬಹಳಷ್ಟು ಕಡೆ 4 ಇಂಚಿನ ಎಎಸಿ ಬ್ಲಾಕ್. ಮೇಸ್ತ್ರಿಗಳು ಲೈಟ್‌ವೇಟ್ ಬ್ಲಾಕ್ ಅನ್ನುತ್ತಾರೆ. ಸಿಮೆಂಟ್, ಸುಣ್ಣ, ಹಾರುಬೂದಿಗೆ ಚೂರು ಅಲ್ಯೂಮಿನಿಯಂ ಪುಡಿ ಸೇರಿಸಿ, ಗುಳ್ಳೆ ಎಬ್ಬಿಸಿ ಉಬ್ಬಿಸಿದ ಬ್ಲಾಕ್ ಅದು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆಜಿ ತೂಗಿದರೆ, ಇದು 600ರ ಆಸುಪಾಸು. ಮನೆಗೆ ಒಳ್ಳೆಯದೇ. ಬಿಸಿ ತಡೆಯುತ್ತದೆ, ಕಟ್ಟಡದ ಭಾರ ಇಳಿಸುತ್ತದೆ. ಸ್ಕ್ರೂ ಹಿಡಿದುಕೊಳ್ಳುವ ಕೆಲಸ ಮಾತ್ರ ಅದರ ಕೈಲಾಗುವುದಿಲ್ಲ.

ಸರ್ಜಾಪುರ ರಸ್ತೆಯ ಕಡೆಯ ಒಬ್ಬರು, 2020ರ ಲಾಕ್‌ಡೌನ್ ಹೊತ್ತಿನಲ್ಲಿ ಎಲ್ಲರ ಹಾಗೆ ಸೈಕಲ್ ಕೊಂಡವರು, ಒಂದು ದಿನ ಫೋನ್ ಮಾಡಿದರು. ‘ದಪ್ಪ ಆಂಕರ್ ಬೋಲ್ಟ್ ಹಾಕಿಸಿದ್ದೆ, ಆದ್ರೂ ಕಿತ್ತು ಬಂತು.’ ದಪ್ಪ ಹಾಕಿಸಿದ್ದೇ ಎಡವಟ್ಟು. ಆಂಕರ್ ಬೋಲ್ಟ್ ಬಿಗಿ ಮಾಡಿದಷ್ಟೂ ಒಳಗೆ ಅಗಲವಾಗುತ್ತದೆ. ಕಾಂಕ್ರೀಟ್ ಆದರೆ ಅದನ್ನು ಹಿಡಿದುಕೊಳ್ಳುತ್ತದೆ. ಈ ಬ್ಲಾಕ್ ಸೀಳಿಕೊಳ್ಳುತ್ತದೆ. ಹೋಗಿ ನೋಡಿದರೆ ಗೋಡೆಯಲ್ಲಿ ಅಂಗೈ ಅಗಲದ ಗುಂಡಿ, ಕೆಳಗೆ ಶೂ ರ‍್ಯಾಕ್ ಚಪ್ಪಟೆ. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅವರ ತಾಯಿ ಕಾಫಿ ಕೊಟ್ಟು ಅಂದರು, ‘ನಾನು ಮೊದ್ಲೇ ಹೇಳ್ದೆ, ಕ್ಯಾಲೆಂಡರ್ ಮೊಳೆನೇ ಉದುರೋ ಗೋಡೆಗೆ ಸೈಕಲ್ ಯಾಕೋ ಅಂತ.’ ಇಡೀ ಮನೆಯಲ್ಲಿ ಗೋಡೆಯ ಬಗ್ಗೆ ತಿಳಿದಿದ್ದವರು ಅವರೊಬ್ಬರೇ.

ಈಗ ಯಾರೂ ಕಿವಿಗೆ ಹಾಕಿಕೊಳ್ಳದ ವಿಷಯ. ಸೈಕಲ್ 15 ಕೆಜಿ ಇದ್ದರೆ ಸ್ಕ್ರೂ ಮೇಲೆ ಬೀಳುವುದು 15 ಕೆಜಿ ಅಲ್ಲ. ತುಂಬಿದ ಬಕೆಟ್ಟನ್ನು ಮೈಗೆ ಹತ್ತಿರ ಹಿಡಿದು ನೋಡಿ, ಆಮೇಲೆ ಕೈ ಮುಂದೆ ಚಾಚಿ ಹಿಡಿದು ನೋಡಿ. ಗೋಡೆಯಿಂದ 35 ಸೆಂಟಿಮೀಟರ್ ಮುಂದೆ ಚಾಚಿದ ತೋಳಿನ ಮೇಲೆ ಸೈಕಲ್ ಅಡ್ಡಲಾಗಿ ಕೂತಿದೆ ಅಂದುಕೊಳ್ಳಿ. ಸ್ಟ್ಯಾಂಡಿನ ಪ್ಲೇಟಿನಲ್ಲಿ ಮೇಲಿನ ಸ್ಕ್ರೂಗೂ ಪ್ಲೇಟಿನ ಕೆಳ ಅಂಚಿಗೂ ನಡುವೆ ಬರೀ 10 ಸೆಂಟಿಮೀಟರ್. 15ನ್ನು 35ರಿಂದ ಗುಣಿಸಿ, 10ರಿಂದ ಭಾಗಿಸಿ. 52 ಬಂತಲ್ವಾ? ಅಂದರೆ ಮೇಲಿನ ಸ್ಕ್ರೂವನ್ನು ಹೊರಗೆ ಎಳೆಯುವ ಬಲ ಸುಮಾರು 52 ಕೆಜಿ. ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಎರಡು ಸ್ಕ್ರೂ ಇದ್ದರೆ ಹಂಚಿಕೊಳ್ಳುತ್ತವೆ ಅಷ್ಟೇ. ನೀವು ಸೈಕಲ್ ಎತ್ತಿ ಧಡಕ್ಕನೆ ಇಡುವಾಗಿನ ಪೆಟ್ಟು ಬೇರೆ.

ಇದೇ ಲೆಕ್ಕದಲ್ಲಿ ದಾರಿಯೂ ಇದೆ. ಸ್ಟ್ಯಾಂಡನ್ನು ನೇರವಾಗಿ ಗೋಡೆಗೆ ಹಾಕಬೇಡಿ. 70 ಸೆಂಟಿಮೀಟರ್ ಉದ್ದದ 18 ಎಂಎಂ ಪ್ಲೈವುಡ್ ಪಟ್ಟಿ ತಗೊಳ್ಳಿ. ಸ್ಟ್ಯಾಂಡನ್ನು ಅದಕ್ಕೆ ಬೋಲ್ಟ್, ನಟ್ ಹಾಕಿ ಕೂರಿಸಿ. ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಆರೇಳು ಕಡೆ ಉದ್ದದ ನೈಲಾನ್ ಪ್ಲಗ್ ಹಾಕಿ ಗೋಡೆಗೆ ಕಟ್ಟಿ. 10 ಇದ್ದ ಅಂತರ 60 ಆದರೆ 52 ಕೆಜಿ ಎಳೆತ 9ಕ್ಕೆ ಇಳಿಯುತ್ತದೆ. ನೋಡಲು ಚೆನ್ನಾಗಿರಲ್ಲ ಅನ್ನುತ್ತಾರೆ. ಗೋಡೆ ಬಣ್ಣವನ್ನೇ ಪಟ್ಟಿಗೂ ಹೊಡೆಸಿ, ಆಯ್ತು.

ಇಲ್ಲವೇ ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ಉದ್ದುದ್ದ ನೇತುಹಾಕಿ. ಹಿಂದಿನ ಚಕ್ರ ಗೋಡೆಗೆ ಒರಗುವುದರಿಂದ ಹೊರಗಿನ ಎಳೆತ ಬಹಳ ಕಡಿಮೆ, ಭಾರ ಹೆಚ್ಚಾಗಿ ಕೆಳಗೇ ಹೋಗುತ್ತದೆ. ಜಾಗವೂ ಉಳಿಯುತ್ತದೆ. ರಿಮ್ ಬಾಗುತ್ತದೆ ಅನ್ನುವ ಹೆದರಿಕೆ ಬೇಡ. ನೀವು ಕೂತರೇ ತಡೆಯುವ ಚಕ್ರ ಅದು.

ಒಳಗೆ ಯಾವ ಬ್ಲಾಕ್ ಇದೆ ಅಂತ ತಿಳಿಯಲು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸಾಲದು, ಪ್ಲಾಸ್ಟರ್ ಮೋಸ ಮಾಡುತ್ತದೆ. ಡ್ರಿಲ್ ಮಷೀನಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವುದನ್ನು, ಆಫ್ ಮಾಡಿ ಸಣ್ಣ ಬಿಟ್‌ನಿಂದ ಒಂದು ತೂತು ಕೊರೆಯಿರಿ. ಮೊದಲು ಬೂದು ಬಣ್ಣದ ಪುಡಿ ಬರುತ್ತದೆ, ಅದು ಪ್ಲಾಸ್ಟರಿಂದು. ಆಮೇಲಿನ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ. ಬೆಳ್ಳಗೋ ತಿಳಿ ಬೂದಾಗಿಯೋ ನುಣ್ಣಗಿದ್ದು, ಬಿಟ್ ಬೆಣ್ಣೆಗೆ ಇಳಿದಷ್ಟು ಸಲೀಸಾಗಿ ಹೋದರೆ ಎಎಸಿ. ಒಂದು ಇಂಚಾದ ಮೇಲೆ ದಬಕ್ಕನೆ ಒಳಗೆ ನುಗ್ಗಿದರೆ ಹಾಲೋ ಬ್ಲಾಕ್, ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬೋಲ್ಟ್ ಬೇಕು. ಬಿಟ್ ಒಳಗೇ ಹೋಗದಿದ್ದರೆ ಕಾಂಕ್ರೀಟ್. ಪಿಲ್ಲರ್, ಬೀಮ್ ಇರಬಹುದು, ಈಗ ಪೂರ್ತಿ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ಕಟ್ಟಡಗಳೂ ಇವೆ. ಸೈಕಲ್‌ಗೆ ಅದರಷ್ಟು ಗಟ್ಟಿ ಜಾಗ ಇನ್ನೊಂದಿಲ್ಲ. ಆದರೆ ನಾನು ಸೈಕಲ್ ರಿಪೇರಿಯವನು, ಎಂಜಿನಿಯರ್ ಅಲ್ಲ. ಅಲ್ಲಿ ಕೊರೆಯುವ ಮುಂಚೆ ಕಟ್ಟಡ ನೋಡಿಕೊಳ್ಳುವವರನ್ನು ಕೇಳಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಬಾತ್‌ರೂಮ್ ಗೋಡೆಗೆ ಮಾತ್ರ ಕೈ ಹಾಕಲೇಬೇಡಿ.

ಬಾಡಿಗೆ ಮನೆಯವರದು ಬೇರೆ ಕಥೆ. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಊರಿದು. ತೂತು ಕಂಡರೆ ಕೇಳಬೇಕೇ? ನಿಮಗೆ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡೇ ಸರಿ. ಸೈಕಲ್ ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲುವಂಥದ್ದು ಒಂದು. ಗೋಡೆಗೆ ಒರಗಿ ಎರಡು ಸೈಕಲ್ ಹೊರುವಂಥದ್ದು ಇನ್ನೊಂದು. ಒರಗುವ ಸ್ಟ್ಯಾಂಡಿಗೆ ಭಾರದ ಸೈಕಲ್ ಕೆಳಗೆ, ಹಗುರದ್ದು ಮೇಲೆ. ನುಣುಪು ಟೈಲ್ಸ್ ಮೇಲೆ ಅದರ ಕಾಲು ಜಾರುತ್ತದೆ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಓಡಾಡುವ ಮಕ್ಕಳಿದ್ದರೆ ಇದು ಬೇಡ ಅಂತಲೇ ನಾನು ಹೇಳುತ್ತೇನೆ. ನೆಲ, ತಾರಸಿ ನಡುವೆ ಒತ್ತಿ ನಿಲ್ಲುವ ಕಂಬವೂ ಸಿಗುತ್ತದೆ. ಅದು ತಾಗಬೇಕಾದ್ದು ತಾರಸಿಗೆ, ಫಾಲ್ಸ್ ಸೀಲಿಂಗಿಗಲ್ಲ.

ಉಳಿದದ್ದು ಚಿಕ್ಕಪುಟ್ಟದ್ದು. ಕಾರ್ಬನ್ ಫ್ರೇಮನ್ನು ಕ್ಲಾಂಪಿನಲ್ಲಿ ಬಿಗಿಯಬೇಡಿ. ಎಂಟಿಬಿ, ಅಂದರೆ ಬೆಟ್ಟಗುಡ್ಡದ ಸೈಕಲ್ಲಿನ ಹ್ಯಾಂಡಲ್ 70 ಸೆಂಟಿಮೀಟರ್ ಮೀರುವುದುಂಟು. ಕಾರಿಡಾರಿನಲ್ಲಿ ಹಾಕುವ ಮುಂಚೆ ಅಳೆಯಿರಿ. ಕೇಬಲ್ ಬದಲು ದ್ರವದಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್ ಇದ್ದು ನೆಟ್ಟಗೆ ನೇತುಹಾಕಿದ್ದರೆ, ಇಳಿಸಿದ ಕೂಡಲೇ ಹತ್ತಬೇಡಿ. ಲಿವರ್ ನಾಲ್ಕೈದು ಸಲ ಒತ್ತಿ. ಆಮೇಲೂ ಮೆತ್ತಗೇ ಇದ್ದರೆ ಒಳಗೆ ಗಾಳಿ ಇದೆ ಅಂತ. ಬ್ಲೀಡ್ ಮಾಡಿಸಿಯೇ, ಅಂದರೆ ಆ ಗಾಳಿ ತೆಗೆಸಿಯೇ ರಸ್ತೆಗಿಳಿಯಿರಿ.