ತಟಸ್ಥ ಬಣ್ಣದ ಗೋಡೆ ಮತ್ತು ಬೆಳಕಿನ ಲೆಕ್ಕ

ಬೂದು ಮತ್ತು ಕಂದಿನ ನಡುವಿನ, ತೀರಾ ತಿಳಿಯೂ ಅಲ್ಲದ ಗಾಢವೂ ಅಲ್ಲದ ಬಣ್ಣವೊಂದನ್ನು ‘ಎಲ್ಲದಕ್ಕೂ ಹೊಂದುತ್ತದೆ’ ಎಂದು ಶೇಡ್ ಕಾರ್ಡ್ ನೋಡಿ ಆರಿಸಿ, ಕೋಣೆಗೆಲ್ಲ ಬಳಿಸಿದ ಮೇಲೆ ಅದು ಬೆಳಿಗ್ಗೆ ನೀಲಿ ಛಾಯೆಯಲ್ಲೂ ರಾತ್ರಿ ಗುಲಾಬಿ ಛಾಯೆಯಲ್ಲೂ ಕಾಣತೊಡಗಿದರೆ, ಅಂಗಡಿಯವರು ಬೇರೆ ಡಬ್ಬಿ ಕೊಟ್ಟರೇನೋ ಎಂಬ ಅನುಮಾನ ಬರುತ್ತದೆ. ಆದರೆ ಇದಕ್ಕೆ ಕಾರಣ ಹೆಚ್ಚಾಗಿ ಡಬ್ಬಿಯಲ್ಲಲ್ಲ, ಬೆಳಕಿನಲ್ಲಿರುತ್ತದೆ.

ಇಂಥ ಬಣ್ಣವನ್ನು ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡಿನ ಬಿಳುಪಿಗೆ ಹಳದಿ ಮತ್ತು ಕೆಂಪು ಕಬ್ಬಿಣದ ಆಕ್ಸೈಡುಗಳನ್ನೂ ಇಂಗಾಲದ ಕಪ್ಪನ್ನೂ ಅಲ್ಪಸ್ವಲ್ಪ ಬೆರೆಸಿ ತಯಾರಿಸುತ್ತಾರೆ. ಹೀಗಾಗಿ ತಟಸ್ಥವೆನ್ನುವ ಬಣ್ಣಕ್ಕೂ ಒಂದು ಕಡೆಗೆ ಸಣ್ಣ ಒಲವು ಇದ್ದೇ ಇರುತ್ತದೆ. ಕಡುಗೆಂಪು ಗೋಡೆ ಮನೆಯ ಸಾಮಾನ್ಯ ದೀಪಗಳಡಿಯಲ್ಲಿ ಕೆಂಪಾಗಿಯೇ ಉಳಿಯುತ್ತದೆ. ತಟಸ್ಥ ಗೋಡೆಯ ಒಲವಾದರೋ ಎಷ್ಟು ಸಣ್ಣದೆಂದರೆ, 2700 ಕೆಲ್ವಿನ್‌ನ (ಕೆಲ್ವಿನ್ ಎಂಬುದು ಬೆಳಕಿನ ಛಾಯೆ ಸೂಚಿಸುವ ಅಳತೆ) ಬಲ್ಬಿನ ಹಳದಿಯಾಗಲಿ, 6500 ಕೆಲ್ವಿನ್‌ನ ಬೆಳಕಿನ ನೀಲಿಯಾಗಲಿ ಅದನ್ನು ಸುಲಭವಾಗಿ ಮೀರಿಸಿಬಿಡುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಸ್ವಾರಸ್ಯಕರವಾಗಿ ತೋರುತ್ತದೆ. ಕೆಂಪು ಬೆಳಕಿನ ನೂರು ಪಾಲಿನಲ್ಲಿ 50ನ್ನೂ ನೀಲಿಯ ನೂರು ಪಾಲಿನಲ್ಲಿ 40ನ್ನೂ ಹಿಂದಿರುಗಿಸುವ ಗೋಡೆಯೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ತಾಗಿ ಬಂದ ಬೆಳಕು ಅದೇ ಬಣ್ಣದ ಎದುರು ಗೋಡೆಗೂ ತಾಗಿದರೆ ಕೆಂಪು 25, ನೀಲಿ 16 ಉಳಿಯುತ್ತವೆ. ಮೂರನೆಯ ಸಲಕ್ಕೆ 12.5 ಮತ್ತು 6.4. ಮೊದಲು ನೀಲಿಗಿಂತ ಕಾಲುಪಾಲಿನಷ್ಟು ಹೆಚ್ಚಿದ್ದ ಕೆಂಪು ಮೂರೇ ಪ್ರತಿಫಲನಗಳಲ್ಲಿ ನೀಲಿಯ ಸುಮಾರು ಎರಡು ಪಟ್ಟಾಯಿತು. ಕಾರ್ಡಿನ ಅಂಗೈಯಗಲದ ತುಣುಕಿಗೆ ಎದುರುಗೋಡೆಯಿಲ್ಲವಾದ್ದರಿಂದ ಅಲ್ಲಿ ಈ ಒಲವು ಕಣ್ಣಿಗೆ ಬೀಳುವುದಿಲ್ಲ. ಗೋಡೆಗಳು ಸೇರುವ ಮೂಲೆಯನ್ನು ಹತ್ತಿರದಿಂದ ನೋಡಿದರೆ, ಅಲ್ಲಿ ಬಣ್ಣ ಹೆಚ್ಚು ಗಾಢವಾಗಿರುವುದು ಕಾಣುತ್ತದೆ.

ಹೊಳಪಿನ ಲೆಕ್ಕವೂ ಹೀಗೆಯೇ. ಕೋಣೆಯ ಎಲ್ಲ ಮೇಲ್ಮೈಗಳೂ ಶೇಕಡ 80ರಷ್ಟು ಬೆಳಕನ್ನು ಹಿಂದಿರುಗಿಸಿದರೆ, ಮರುಪ್ರತಿಫಲನಗಳೆಲ್ಲ ಕೂಡಿ ಬೆಳಕು 5 ಪಟ್ಟಾಗಬಹುದು. ಶೇಕಡ 40 ಹಿಂದಿರುಗಿಸಿದರೆ ಅದು 1.7 ಪಟ್ಟಿಗೆ ಇಳಿಯುತ್ತದೆ. ಆದ್ದರಿಂದ ಇಂಥ ಗೋಡೆಗಳಿರುವಲ್ಲಿ ಚಾವಣಿಯನ್ನು ಬಿಳಿಯಾಗಿಯೇ ಉಳಿಸುವುದು ಲೇಸು. ಅಂದಹಾಗೆ, ಕಣ್ಣಿಗೆ ಕಪ್ಪು-ಬಿಳುಪಿನ ಸರಿನಡುವೆ ಎನಿಸುವ ಬೂದು ಹಿಂದಿರುಗಿಸುವುದು ಶೇಕಡ 20ರ ಆಸುಪಾಸಿನಷ್ಟನ್ನು ಮಾತ್ರ. ಶೇಕಡ 50 ಹಿಂದಿರುಗಿಸುವ ಬಣ್ಣ ಸಾಕಷ್ಟು ತಿಳಿಯಾಗಿಯೇ ಕಾಣುತ್ತದೆ.

ಪಕ್ಕದಲ್ಲಿರುವ ವಸ್ತುವಿನ ಪಾತ್ರವೂ ಇಲ್ಲಿ ದೊಡ್ಡದು. ಒಂದು ಬಣ್ಣ ತನ್ನ ನೆರೆಯ ಬಣ್ಣದ ತೋರಿಕೆಯನ್ನೇ ಬದಲಿಸುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರಲ್ 1839ರಲ್ಲಿ ವಿಸ್ತಾರವಾಗಿ ವಿವರಿಸಿದರು. ಹಸಿರು ಸೋಫಾದ ಹಿಂದೆ ಬೂದು ಗೋಡೆ ತುಸು ಕೆಂಪೇರಿದಂತೆ ಕಾಣುವುದು ಇದರಿಂದಲೇ. ನಡುಛಾಯೆಯ ನಿಜವಾದ ಅನುಕೂಲವೂ ಇಲ್ಲಿದೆ: ಬಿಳಿ ಚೌಕಟ್ಟು, ಕಡು ಮರದ ಕಪಾಟು ಎರಡೂ ಅದರ ಮುಂದೆ ಸ್ಪಷ್ಟವಾಗಿ ಎದ್ದು ಕಾಣುತ್ತವೆ.

ಆದುದರಿಂದ ಆಯ್ಕೆ ಆ ಕೋಣೆಯಲ್ಲಿಯೇ ಆಗಬೇಕು. ದೊಡ್ಡ ಹಲಗೆಯೊಂದಕ್ಕೆ ಎರಡು ಕೋಟ್ ಬಳಿದು, ಪೂರ್ತಿ ಒಣಗಿಸಿ, ಹಳೆಯ ಬಣ್ಣ ಕಣ್ಣನ್ನು ಮೋಸಗೊಳಿಸದಂತೆ ಸುತ್ತ ಬಿಳಿ ಹಾಳೆ ಅಂಟಿಸಿ, ಬೆಳಿಗ್ಗೆ, ಸಂಜೆ ಹಾಗೂ ರಾತ್ರಿ ದೀಪ ಹಾಕಿದ ಮೇಲೆ ಒಂದೊಂದು ಗೋಡೆಗೂ ಒರಗಿಸಿ ನೋಡಬೇಕು. ಸೋಫಾ ಇಡುವ ಜಾಗದಲ್ಲಂತೂ ಸೋಫಾವನ್ನು ಅಲ್ಲಿರಿಸಿಯೇ ನೋಡಬೇಕು.