ಮಿನಮಾತಾ: ಬೆಕ್ಕುಗಳು ಮೊದಲೇ ಹೇಳಿದ್ವು

ಜಪಾನಿನ ಕ್ಯೂಶೂ ದ್ವೀಪದಲ್ಲಿ, ಶಿರಾನುಯಿ ಸಮುದ್ರದ ದಡದಲ್ಲಿರೋ ಊರು ಮಿನಮಾತಾ. 1950ರ ದಶಕದಲ್ಲಿ ಅಲ್ಲಿನ ಮೀನುಗಾರರ ಕೇರಿಗಳಲ್ಲಿ ಬೆಕ್ಕುಗಳು ಇದ್ದಕ್ಕಿದ್ದ ಹಾಗೆ ತೂರಾಡ್ತಾ, ಗಿರಗಿರ ತಿರುಗ್ತಾ ಸಮುದ್ರಕ್ಕೆ ಬಿದ್ದು ಸಾಯೋಕೆ ಶುರುವಾದ್ವು. ಆಮೇಲೆ ಮಕ್ಕಳಿಗೂ ಅದೇ ಥರ, ನಡೆಯೋಕಾಗಲ್ಲ, ಮಾತು ತೊದಲತ್ತೆ. 1956 ಮೇ 1ಕ್ಕೆ ಊರಿನ ಚಿಸ್ಸೋ ಕಾರ್ಖಾನೆ ಆಸ್ಪತ್ರೆಯ ಡಾಕ್ಟರ್ ಹೊಸೊಕಾವಾ ಅವರ ಕಡೆಯಿಂದ ಸರ್ಕಾರಿ ಆರೋಗ್ಯ ಕಚೇರಿಗೆ ಈ ಕಾಯಿಲೆ ಬಗ್ಗೆ ವರದಿ ಹೋಯ್ತು.

ಚಿಸ್ಸೋ ಕಂಪನಿ ಕಾರ್ಖಾನೆ 1908ರಿಂದಲೂ ಅಲ್ಲಿತ್ತು, ಊರಿನ ಅನ್ನವೇ ಅದು. 1932ರಿಂದ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕ ತಯಾರಿಸೋಕೆ ಪಾದರಸ ಬಳಸ್ತಿದ್ರು, ಆ ಕ್ರಿಯೆಯಲ್ಲೇ ಒಂಚೂರು ಮೀಥೈಲ್ ಪಾದರಸ ಅನ್ನೋ ವಿಷ ಆಗಿ ನೀರಿನ ಜೊತೆ ಕೊಲ್ಲಿಗೆ ಹೋಗ್ತಿತ್ತು. ಸಮುದ್ರ ದೊಡ್ಡದು, ಕರಗಿ ಹೋಗತ್ತೆ ಬಿಡಿ ಅನ್ಸತ್ತೆ ಅಲ್ವಾ? ಆದ್ರೆ ಇದು ಪ್ಲಾಂಕ್ಟನ್ ಅನ್ನೋ ನೀರಲ್ಲಿ ತೇಲೋ ಪುಟಾಣಿ ಜೀವಿಗಳಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಹೋಗ್ತಾ ಹೋಗ್ತಾ ಒಟ್ಟುಗೂಡತ್ತೆ, ಆಮೇಲೆ ನಮ್ಮ ಮೈಯಲ್ಲಿ ಸಿಸ್ಟೀನ್ ಅನ್ನೋ ಅಮೈನೋ ಆಮ್ಲಕ್ಕೆ (ಪ್ರೋಟೀನಿನ ಒಂದು ಇಟ್ಟಿಗೆ ಇದ್ದ ಹಾಗೆ) ಅಂಟ್ಕೊಂಡು ಆಹಾರದ ವೇಷದಲ್ಲೇ ಮೆದುಳಿಗೆ ನುಗ್ಗತ್ತೆ.

ನನ್ನನ್ನ ತುಂಬಾ ಕಾಡಿದ್ದು ಹೊಕ್ಕುಳಬಳ್ಳಿ ಕಥೆ. ತಾಯಿ ಗರ್ಭದಲ್ಲಿರೋ ಮಾಸು (ಪ್ಲಾಸೆಂಟಾ) ಮಗುವಿಗೆ ವಿಷ ಹೋಗದ ಹಾಗೆ ತಡೆಯತ್ತೆ ಅಂತ ವೈದ್ಯರು ನಂಬಿದ್ದ ಕಾಲ ಅದು, ಆದ್ರೆ ಮೀನನ್ನೇ ತಿನ್ನದ ಕೂಸುಗಳೂ ಹುಟ್ತಾನೇ ಕಾಯಿಲೆ ಹೊತ್ಕೊಂಡು ಬಂದ್ವು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿ ಒಣಗಿಸಿ ಪುಟ್ಟ ಡಬ್ಬೀಲಿ ಎತ್ತಿಡೋ ಪದ್ಧತಿ ಇದೆ. ಡಾಕ್ಟರ್ ಹರಾದಾ ಮಾಸಾಝುಮಿ ಮನೆಮನೆಯಿಂದ ಅದನ್ನ ಕೇಳಿ ತಗೊಂಡ್ರು, ಪರೀಕ್ಷೆ ಮಾಡಿದ್ರೆ ಎಷ್ಟೋ ವರ್ಷ ಹಿಂದಿನ ಪಾದರಸ ಅದರಲ್ಲೇ ಕೂತಿತ್ತು.

ಸರ್ಕಾರ ಕಾರಣ ಒಪ್ಪಿದ್ದು 1968ರಲ್ಲಿ! ಅಷ್ಟರಲ್ಲಿ ಊರು ಒಡೆದಿತ್ತು, ಕಾರ್ಖಾನೆ ಮುಚ್ಚಿದ್ರೆ ಹೊಟ್ಟೆಗೇನು ಅನ್ನೋರು ಒಂದು ಕಡೆ, ರೋಗಿಗಳು ಇನ್ನೊಂದು ಕಡೆ. 1994ರಲ್ಲಿ ಮೇಯರ್ ಯೋಶಿಯಿ ಎಲ್ಲರೆದುರು ಕ್ಷಮೆ ಕೇಳಿದ್ರು. ಒಡೆದ ಊರನ್ನ ಹೀಗೆ ಮತ್ತೆ ಕೂಡಿಸೋದನ್ನ ಅಲ್ಲಿನೋರು 'ಮೊಯಾಯ್-ನಾವೋಶಿ' ಅಂತಾರೆ, ಬಿಚ್ಚಿಹೋದ ದೋಣಿಗಳನ್ನ ಮತ್ತೆ ಒಂದಕ್ಕೊಂದು ಕಟ್ಟೋದು ಅಂತ. 1993ರಿಂದ ಮನೆ ಕಸಾನ ಸುಮಾರು 20 ಥರ ಬೇರೆ ಮಾಡ್ತಾರೆ, ಗಾಜಿನ ಬಾಟಲಿಗಳನ್ನಂತೂ ಬಣ್ಣ ನೋಡಿ ಹಾಕ್ತಾರೆ, ನಾವಿಲ್ಲಿ ಹಸಿ ಕಸ ಒಣ ಕಸಕ್ಕೇ ಗೊಣಗ್ತೀವಿ.

ವಿಷದ ಕೆಸರು ತುಂಬಿಸಿದ 58 ಹೆಕ್ಟೇರ್ ಜಾಗದ ಮೇಲೆ ಈಗ ಪಾರ್ಕ್ ಇದೆ, ಕೆಸರು ಇನ್ನೂ ಕೆಳಗೇ ಇದೆ. ಕೇಸುಗಳೂ ಮುಗಿದಿಲ್ಲ: ಚಿಕ್ಕಂದಿನಲ್ಲಿ ಆ ಕರಾವಳಿಯ ಮೀನು ತಿಂದು ಆಮೇಲೆ ಬೇರೆ ಕಡೆ ಹೋಗಿ ನೆಲೆಸಿದ 128 ಜನರನ್ನ ರೋಗಿಗಳು ಅಂತ ಒಸಾಕಾ ಕೋರ್ಟ್ ಒಪ್ಪಿದ್ದು 2023ರಲ್ಲಿ.