ಹಲ್ಲಿನ ಕುರ್ಚಿಯ ಭಯಕ್ಕೆ ಕುರಿ, ಆಡುಗಳ ಸಾಕ್ಷಿ

ಕಲಬುರಗಿಯ ದಂತ ಆಸ್ಪತ್ರೆಗಳಿಗೆ ಸುತ್ತಲಿನ ಊರುಗಳಿಂದ ಬರುವ ಮಕ್ಕಳಲ್ಲಿ ಕೆಲವರು ಕುರ್ಚಿಯನ್ನು ಕಂಡೊಡನೆ ಅಳಲಾರಂಭಿಸಿದರೆ, ಅದು ಹುಟ್ಟುಗುಣವೆಂದು ಹೆತ್ತವರು ಸುಮ್ಮನಾಗುತ್ತಾರೆ. ಹುಟ್ಟುಗುಣದ ಪಾಲೂ ಇದೆ. ಆದರೆ ಯಾವ ಭೇಟಿಯ ನಂತರ ಯಾವ ಭೇಟಿ ಬಂತು ಎಂಬುದಕ್ಕೆ ಇರುವ ಪಾಲನ್ನು ಯಾರೂ ಎಣಿಸುವುದಿಲ್ಲ.

ಲುಬೋ ಮತ್ತು ಮೂರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1959ರಲ್ಲಿ ಕುರಿ, ಆಡುಗಳಿಗೆ ಒಂದು ಸಂಕೇತವನ್ನು ಹಲವು ಬಾರಿ ಸುಮ್ಮನೆ ತೋರಿಸಿ, ಆಮೇಲೆ ಅದೇ ಸಂಕೇತದ ಬೆನ್ನಿಗೆ ಕಾಲಿಗೆ ವಿದ್ಯುತ್ ಆಘಾತ ನೀಡಿದರು. ಹೊಸ ಸಂಕೇತಕ್ಕೆ ಬೇಗ ಕಾಲೆತ್ತಲು ಕಲಿತ ಪ್ರಾಣಿಗಳು, ಮೊದಲೇ ನಿರಪಾಯವೆಂದು ಕಂಡಿದ್ದ ಸಂಕೇತಕ್ಕೆ ತಡವಾಗಿ ಕಲಿತವು. ಇದಕ್ಕೆ ಸುಪ್ತ ಪ್ರತಿಬಂಧವೆಂದು ಹೆಸರು. ಮಗುವಿನ ಪಾಲಿಗೆ ಕಣ್ಣಿಗೆ ಹೊಡೆಯುವ ದೀಪ, ಔಷಧಿಯ ವಾಸನೆ, ಯಂತ್ರದ ಸದ್ದು ಎಲ್ಲವೂ ಇಂಥ ಸಂಕೇತಗಳೇ. ಹಲ್ಲು ಎಣಿಸಿ, ಕನ್ನಡಿ ತೋರಿಸಿ ಕಳುಹಿಸಿದ ಒಂದೆರಡು ಭೇಟಿಗಳು ಮೊದಲೇ ಆಗಿದ್ದರೆ, ಮುಂದೆ ಸೂಜಿಯ ನೋವು ಬಂದರೂ ಅದು ಈ ಸಂಕೇತಗಳಿಗೆ ಸುಲಭವಾಗಿ ಅಂಟಿಕೊಳ್ಳುವುದಿಲ್ಲ.

ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಹಲ್ಲಿನೊಳಗೆ ಹುಳವಿದೆಯೆಂದು ನಂಬಿ, ಹೊಗೆ ಹಾಕಿಸಿ, ಲವಂಗ ಒತ್ತಿ ದಿನ ತಳ್ಳುತ್ತಾರೆ. ಆ ಹುಳವನ್ನು ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲೇ ತನ್ನ ಗ್ರಂಥದಲ್ಲಿ ಅಲ್ಲಗಳೆದಿದ್ದ. ಹುಳುಕಿಗೆ ಕಾರಣ ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾ. ಕೆನ್ನೆ ಊದಿಕೊಂಡ ಮೇಲೆ ನಡೆಯುವ ಮೊದಲ ಭೇಟಿಯಲ್ಲಿ ನೋವು ಮತ್ತು ಕುರ್ಚಿ ಒಟ್ಟಿಗೇ ಪರಿಚಯವಾಗುತ್ತವೆ. ಜೊತೆಗೆ "ಸುಮ್ನಿರು, ಇಲ್ಲಾಂದ್ರ ಡಾಕ್ಟರ್ ಕಡಿಂದ ಸೂಜಿ ಹಾಕಸ್ತೀನಿ" ಎಂಬ ಮನೆಯ ಬೆದರಿಕೆ ಬೇರೆ. ಆಸ್ಪತ್ರೆಯ ಮೆಟ್ಟಿಲು ಹತ್ತದೆಯೇ ಭಯ ಕಲಿಸಲು ಅದೊಂದೇ ಸಾಕು.

ಒಮ್ಮೆ ಕಲಿತ ಭಯ ನೋವಿಲ್ಲದ ಮುಂದಿನ ಭೇಟಿಗಳಲ್ಲಿ ತಗ್ಗುತ್ತದೆ, ಅಳಿಯುವುದಿಲ್ಲ. ಶಹಾಬಾದಿ ಕಲ್ಲಿನ ಗೋಡೆಗೆ ಸುಣ್ಣ ಬಳಿದಂತೆ ಹೊಸ ನೆನಪು ಹಳೆಯದರ ಮೇಲೆ ಕೂರುತ್ತದೆ. ಆದ್ದರಿಂದಲೇ ಬಹಳ ದಿನ ಬಿಟ್ಟು ಬಂದ ಮಗು ಮತ್ತೆ ಹೆದರಬಹುದು. ಅಳುವ ಮಗುವನ್ನು ಅರ್ಧಕ್ಕೇ ಎತ್ತಿಕೊಂಡು ಮನೆಗೆ ಹೋದರೆ, ಓಡಿಹೋಗುವುದೇ ಉಪಾಯವೆಂದು ಅದು ಕಲಿಯುತ್ತದೆ. ಉಪಕರಣವನ್ನು ಮೊದಲು ಹೇಳಿ, ತೋರಿಸಿ, ಬಳಿಕ ಬಳಸುವ ಕ್ರಮವನ್ನು ಆಡೆಲ್‌ಸ್ಟನ್ ಎಂಬ ದಂತವೈದ್ಯರು ವಿವರಿಸಿದ್ದೂ 1959ರಲ್ಲೇ, ಕುರಿಗಳ ಗೊಡವೆಯೇ ಇಲ್ಲದೆ.

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲು ತೋರಿಸಬೇಕೆಂದು ಮಕ್ಕಳ ದಂತವೈದ್ಯರು ಹೇಳುತ್ತಾರೆ. ಸುಮಾರು 6ನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಮೂಡುವ ಶಾಶ್ವತ ದವಡೆಹಲ್ಲನ್ನು ಅನೇಕರು ಹಾಲುಹಲ್ಲೆಂದೇ ಭಾವಿಸಿ ಹುಳುಕಲು ಬಿಡುತ್ತಾರೆ; ಅಲ್ಲಿಯವರೆಗೆ ನೋವಿಲ್ಲದ ಭೇಟಿಗಳಿಗೆ 5 ವರ್ಷಗಳ ಕಾಲಾವಕಾಶವಿರುತ್ತದೆ.